ಗಿಟಾರಿನ ತಾಳಗತಿಯೂ ನಡುನಡುವಿನ ತುಂಬುಸ್ವರಗಳೂ

ನಮ್ಮ ಶಾಲೆಯಲ್ಲಿ ಗಿಟಾರನ್ನು ಕಲಿಯಬೇಕೆಂದು ಅಪೇಕ್ಷಿಸುವ ಹುಡುಗಿಯರ ಸಂಖ್ಯೆಯು ವರುಷದಿಂದ ವರುಷಕ್ಕೆ ಹೆಚ್ಚುತ್ತಿರುವದರಿಂದಲೂ, ಆ ವಿಷಯವಾಗಿ ತಂದೆತಾಯಂದಿರು ನಮ್ಮನ್ನು ಮೇಲಿಂದ ಮೇಲೆ ವಿಚಾರಿಸುತ್ತಿರುವದರಿಂದಲೂ, ಆ ವಾದ್ಯದ ಒಂದು ಭಾಗವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಪಾಠರೂಪವಾಗಿ ಬರೆಯುವದು ಯುಕ್ತವೆಂದು ನಮಗೆ ತೋರಿತು. ಶಾಲೆಯನ್ನು ಬಿಟ್ಟುಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ಮನೆಯ ಕಪಾಟಿನ ಮೇಲೆ ಧೂಳು ಹಿಡಿದ ಗಿಟಾರೊಂದನ್ನು ಇಟ್ಟುಕೊಂಡಿರುವರೆಂಬದನ್ನೂ ಬಲ್ಲೆವು. ಅವರೂ ಇದನ್ನೋದಿ ಆ ಧೂಳನ್ನು ಒರಸಿದರೆ ನಮಗೆ ಸಂತೋಷವೇ.

ತಂದೆತಾಯಂದಿರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: "ನಮ್ಮ ಮಗಳು ಒಂದು ಪೂರ್ಣ ಹಾಡಿಗೆ ನುಡಿಸುವದು ಯಾವಾಗ?" ಹುಡುಗಿಯರು ಕೇಳುವದು ಬೇರೆ: "ಟೀಚರೇ, ಲಿಕ್ಕುಗಳನ್ನು ಕಲಿಸುವದು ಯಾವಾಗ?" ಮೊದಲನೆಯ ಪ್ರಶ್ನೆಗೆ, ದಿನಕ್ಕೆ ಇಪ್ಪತ್ತು ನಿಮಿಷಗಳಂತೆ ಅಭ್ಯಾಸಮಾಡುವವಳಾದರೆ ಎರಡು ಮೂರು ತಿಂಗಳೊಳಗೆ ಎಂದು ಉತ್ತರಕೊಡುತ್ತೇವೆ. ಎರಡನೆಯದಕ್ಕೆ, ಬಲಗೈಯು ನಿಲ್ಲದೆ ಆಡುವದನ್ನು ಕಲಿತ ಮೇಲೆ ಎಂಬದೇ ಉತ್ತರ. ಈ ಎರಡನೆಯ ಉತ್ತರವು ಅವರಿಗೆ ರುಚಿಸುವದಿಲ್ಲ. ಅದು ಯಾಕೆ ಸರಿಯೆಂಬದನ್ನು ತೋರಿಸುವದೇ ಈ ಪಾಠದ ಉದ್ದೇಶವು.

ಮೊದಲು ಶಬ್ದಗಳ ಅರ್ಥವನ್ನು ಹೇಳೋಣ. ಹಾಡುವವರ ಸ್ವರಕ್ಕೆ ಆಧಾರವಾಗಿ, ಹಲವು ತಂತಿಗಳನ್ನು ಒಟ್ಟಾಗಿ ತಾಳಕ್ಕೆ ಸರಿಯಾಗಿ ಮೀಟುತ್ತಾ ಹೋಗುವದಕ್ಕೆ ರಿದಮ್ ಗಿಟಾರು ಎನ್ನುತ್ತಾರೆ. ನಾವು ಅದನ್ನು ಇಲ್ಲಿ ತಾಳಗತಿಯೆಂದು ಕರೆಯುವೆವು. ಮೂರರಿಂದ ಆರರ ವರೆಗೆ ಸ್ವರಗಳುಳ್ಳ ಒಂದು ಚಿಕ್ಕ ಗೊಂಚಲಿಗೆ ಲಿಕ್ ಎಂದು ಹೆಸರು. ಅಂಥ ಲಿಕ್ಕನ್ನು ಹಾಡಿನ ಎರಡು ಸಾಲುಗಳ ನಡುವೆ, ಹಾಡುವವರು ಉಸಿರೆಳೆದುಕೊಳ್ಳುವ ಎಡೆಯಲ್ಲಿ ನುಡಿಸಿದರೆ ಅದು ಫಿಲ್ ಎನಿಸಿಕೊಳ್ಳುವದು. ಇದಕ್ಕೆ ತುಂಬುಸ್ವರವೆಂಬ ಹೆಸರು ಒಪ್ಪೀತು. ನಮ್ಮ ಕಚೇರಿಗಳಲ್ಲಿ ಹಾಡುಗಾರ್ತಿಯು ಆಲಾಪನೆಯ ಒಂದು ಸಂಚಾರವನ್ನು ಮುಗಿಸಿ ನಿಂತಾಗ ಪಕ್ಕದ ಪಿಟೀಲಿನವರು ಅದನ್ನು ಮೆಲ್ಲನೆ ಹಿಂಬಾಲಿಸಿ ಎಡೆಯನ್ನು ತುಂಬುವದನ್ನು ಎಲ್ಲರೂ ಕೇಳಿದ್ದೇವೆ. ಅವಳು ಮತ್ತೆ ಹಾಡತೊಡಗುವಷ್ಟರಲ್ಲಿ ಅವರು ಹಿಂದಕ್ಕೆ ಸರಿದಿರುತ್ತಾರೆ. ತುಂಬುಸ್ವರದ ಮರ್ಯಾದೆಯೂ ಅದೇ.

ಇನ್ನು ವಾದ್ಯಕ್ಕೆ ಬರೋಣ. ಗಿಟಾರಿಗೆ ಆರು ತಂತಿಗಳು. ತೀರ ತೆಳ್ಳಗಿರುವದು ಮೊದಲನೆಯದು, ತೀರ ದಪ್ಪವಾಗಿರುವದು ಆರನೆಯದು. ಆರನೆಯದರಿಂದ ಮೊದಲನೆಯದಕ್ಕೆ ಇಳಿಯುತ್ತಾ ಬಂದರೆ ಅವುಗಳ ಶ್ರುತಿಗಳು ಇ, ಎ, ಡಿ, ಜಿ, ಬಿ, ಇ ಎಂದಾಗುವವು. ಕೊರಳಿನ ಮೇಲೆ ಅಡ್ಡವಾಗಿ ಕೂಡಿಸಿರುವ ಲೋಹದ ಪಟ್ಟಿಗಳನ್ನು ವೀಣೆಯಲ್ಲಿ ಹೇಳುವಂತೆಯೇ ಮೆಟ್ಟಿಲುಗಳೆಂದು ಕರೆಯೋಣ. ಆರಂಭದ ಪಾಠಕ್ಕೆ ಜಿ, ಸಿ, ಡಿ ಎಂಬ ಮೂರು ಕಾರ್ಡುಗಳು ಸಾಕು. ಈ ಮೂರರಿಂದಲೇ ನುಡಿಸಬಹುದಾದ ಹಾಡುಗಳು ನೂರಾರು ಇವೆ.

ಜಿ ಕಾರ್ಡಿಗೆ ನಡುಬೆರಳು ಆರನೆಯ ತಂತಿಯ ಮೂರನೆಯ ಮೆಟ್ಟಿಲಿನಲ್ಲಿ, ತೋರುಬೆರಳು ಐದನೆಯ ತಂತಿಯ ಎರಡನೆಯದರಲ್ಲಿ, ಉಂಗುರಬೆರಳು ಮೊದಲನೆಯ ತಂತಿಯ ಮೂರನೆಯದರಲ್ಲಿ ಇರಬೇಕು. ಉಳಿದ ತಂತಿಗಳು ತೆರೆದಿರಲಿ. ಸಿ ಕಾರ್ಡಿಗೆ ಉಂಗುರಬೆರಳು ಐದನೆಯ ತಂತಿಯ ಮೂರನೆಯ ಮೆಟ್ಟಿಲಿನಲ್ಲಿ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯದರಲ್ಲಿ, ತೋರುಬೆರಳು ಎರಡನೆಯ ತಂತಿಯ ಮೊದಲನೆಯದರಲ್ಲಿ. ಆರನೆಯ ತಂತಿಯನ್ನು ಮುಟ್ಟಬಾರದು. ಡಿ ಕಾರ್ಡಿಗೆ ತೋರುಬೆರಳು ಮೂರನೆಯ ತಂತಿಯ ಎರಡನೆಯದರಲ್ಲಿ, ನಡುಬೆರಳು ಮೊದಲನೆಯ ತಂತಿಯ ಎರಡನೆಯದರಲ್ಲಿ, ಉಂಗುರಬೆರಳು ಎರಡನೆಯ ತಂತಿಯ ಮೂರನೆಯದರಲ್ಲಿ. ಮೀಟುವದು ನಾಲ್ಕನೆಯ ತಂತಿಯಿಂದ ಕೆಳಕ್ಕೆ ಮಾತ್ರ. ಬೆರಳಿನ ತುದಿಯು ಮೆಟ್ಟಿಲಿನ ಪಟ್ಟಿಗೆ ಆದಷ್ಟು ಸಮೀಪವಾಗಿರಲಿ, ಆದರೆ ಅದರ ಮೇಲೇರಬಾರದು. ಮೊದಲ ಹದಿನೈದು ದಿವಸಗಳಲ್ಲಿ ಬೆರಳ ತುದಿಗಳು ನೋಯುವವು. ಚರ್ಮವು ಗಟ್ಟಿಯಾದ ಮೇಲೆ ಆ ನೋವು ತಾನಾಗಿ ಹೋಗುವದು. ಎಡಗೈಯ ಉಗುರುಗಳನ್ನಂತೂ ಕತ್ತರಿಸಲೇಬೇಕು.

ಸಂಗೀತದ ಪಾಠವಾದ ಹುಡುಗಿಯರಿಗೆ ಇಲ್ಲಿ ಒಂದು ಅನುಕೂಲವಿದೆ. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಎ ರಿಷಭವು, ಬಿ ಗಾಂಧಾರವು, ಸಿ ಮಧ್ಯಮವು, ಡಿ ಪಂಚಮವು, ಇ ಧೈವತವು, ಎಫ್ ಶಾರ್ಪ್ ನಿಷಾದವು. ಈ ಏಳೂ ಶಂಕರಾಭರಣದ ಸ್ವರಗಳೇ. ಹಾಗಾದರೆ ಜಿ ಕಾರ್ಡೆಂದರೆ ಸ, ಗ, ಪ ಎಂಬ ಮೂರು ಸ್ವರಗಳು ಕೂಡಿದ್ದು. ಸಿ ಎಂದರೆ ಮ, ದ, ಸ. ಡಿ ಎಂದರೆ ಪ, ನಿ, ರಿ. ಇದನ್ನು ತಿಳಿದವಳಿಗೆ ಮುಂದಿನ ಲಿಕ್ಕುಗಳೆಲ್ಲ ಬೆರಳಿನ ಕಸರತ್ತಾಗಿ ತೋರದೆ ಬಾಯಲ್ಲಿ ಹಾಡಿಕೊಳ್ಳಬಹುದಾದ ಸ್ವರಗಳಾಗಿ ತೋರುವವು. ಬಾಯಲ್ಲಿ ಹಾಡಲಾರದ ಲಿಕ್ಕನ್ನು ನುಡಿಸಬಾರದೆಂಬದು ನಮ್ಮ ತರಗತಿಯ ನಿಯಮವು.

ಈಗ ಬಲಗೈ. ನಾಲ್ಕು ಏಟುಗಳ ಒಂದು ಆವರ್ತವನ್ನು ತೆಗೆದುಕೊಳ್ಳಿರಿ. ಮೊದಲನೆಯ ಏಟಿಗೆ ಕಾರ್ಡಿನ ಮಂದ್ರಸ್ವರವೊಂದನ್ನೇ ದಪ್ಪ ತಂತಿಯ ಮೇಲೆ ಮೀಟಬೇಕು. ಎರಡನೆಯದಕ್ಕೆ ತೆಳುತಂತಿಗಳನ್ನು ಒಟ್ಟಾಗಿ ಕೆಳಮುಖವಾಗಿ ಸವರಬೇಕು. ಮೂರನೆಯದಕ್ಕೆ ಮತ್ತೊಂದು ಮಂದ್ರಸ್ವರ. ನಾಲ್ಕನೆಯದಕ್ಕೆ ಪುನಃ ಸವರುವದು. ಜಿ ಕಾರ್ಡಿನಲ್ಲಿ ಮೊದಲನೆಯ ಮಂದ್ರವು ಆರನೆಯ ತಂತಿ, ಎರಡನೆಯದು ತೆರೆದ ನಾಲ್ಕನೆಯ ತಂತಿ. ಸಿ ಕಾರ್ಡಿನಲ್ಲಿ ಐದನೆಯದು, ಆಮೇಲೆ ನಾಲ್ಕನೆಯದು. ಡಿ ಕಾರ್ಡಿನಲ್ಲಿ ನಾಲ್ಕನೆಯದು, ಆಮೇಲೆ ತೆರೆದ ಐದನೆಯದು. ಕಿವಿಗೆ ಇದು "ಧುಂ ಚಕ್, ಧುಂ ಚಕ್" ಎಂದು ಕೇಳುವದು. ಮೂರು ಏಟಿನ ಹಾಡಾದರೆ ಒಂದು ಧುಂ, ಎರಡು ಚಕ್. ತಕಿಟವನ್ನು ಬಲ್ಲವಳಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇದು ಕೈಗೆ ಕೂತ ಮೇಲೆ ಏಟನ್ನು ಎರಡಾಗಿ ಒಡೆಯಬೇಕು. ಆಗ ಆವರ್ತಕ್ಕೆ ಎಂಟು ಅಕ್ಷರಗಳು: ತ ಕ ಧಿ ಮಿ ತ ಕ ಜ ಣು. ಕೈಯು ತ, ಧಿ, ತ, ಜ ಎಂಬಲ್ಲಿ ಕೆಳಗಿಳಿಯುವದು. ಕ, ಮಿ, ಕ, ಣು ಎಂಬಲ್ಲಿ ಮೇಲೇಳುವದು. ಗಡಿಯಾರದ ಲೋಲಕದಂತೆ ಈ ಏರಿಳಿತವು ಎಂದಿಗೂ ನಿಲ್ಲಬಾರದು. ಎಲ್ಲಾ ಎಂಟನ್ನೂ ಮೀಟಿದರೆ ಕೇಳಲಿಕ್ಕೆ ಗದ್ದಲವಾಗುವದು. ಆದಕಾರಣ ಕೆಲವು ಅಕ್ಷರಗಳಲ್ಲಿ ಕೈಯನ್ನು ತಂತಿಗೆ ತಾಗಿಸದೆ ಗಾಳಿಯಲ್ಲಿ ಬೀಸಿಬಿಡುವದು. ಬಹಳ ಹಾಡುಗಳಿಗೆ ಹೊಂದುವ ಒಂದು ಗತಿಯು ಹೀಗಿದೆ: ತ ಮೀಟು, ಕ ಖಾಲಿ, ಧಿ ಮೀಟು, ಮಿ ಮೀಟು, ತ ಖಾಲಿ, ಕ ಮೀಟು, ಜ ಮೀಟು, ಣು ಮೀಟು. ಎರಡನೆಯ ತಕಾರದಲ್ಲಿ, ಅಂದರೆ ಮೂರನೆಯ ಏಟಿನ ಮೇಲೆ, ಕೈಯು ಇಳಿಯುವದು ಆದರೆ ಸದ್ದಾಗುವದಿಲ್ಲ. ಈ ಖಾಲಿಯ ಏಟಿನಲ್ಲಿಯೇ ಹೆಚ್ಚಿನವರು ಎಡವುವರು. ಸದ್ದಿಲ್ಲವಾದ್ದರಿಂದ ಕೈಯನ್ನು ನಿಲ್ಲಿಸಿಬಿಡುವರು, ಆಮೇಲೆ ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯದೆ ತಡವರಿಸುವರು. ಎಡಗೈಯಿಂದ ತಂತಿಗಳನ್ನು ಮೆತ್ತಗೆ ಮುಚ್ಚಿ, ಕಾರ್ಡೇ ಇಲ್ಲದೆ, ಬರಿಯ ಚಕಚಕ ಸದ್ದಿನಿಂದ ಈ ಗತಿಯನ್ನು ಒಂದು ವಾರ ಸಾಧಿಸುವದು ಉತ್ತಮ. ಮನೆಯವರಿಗೆ ಬೇಸರವಾಗಬಹುದು, ಸಹಿಸಿಕೊಳ್ಳಬೇಕೆಂದು ತಾಯಂದಿರಲ್ಲಿ ಪ್ರಾರ್ಥನೆ.

ಒಂದೇ ಗಿಟಾರು ತಾಳವನ್ನೂ ರಾಗವನ್ನೂ ಹೇಗೆ ಹೊತ್ತುಕೊಂಡೀತು ಎಂಬದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆಯು ಹದಿನೆಂಟು ವರುಷದ ಒಬ್ಬ ಹೆಣ್ಣುಮಗಳದ್ದು. 1927ನೆಯ ಇಸವಿಯ ಆಗಸ್ಟ್ ತಿಂಗಳ ಆರಂಭದಲ್ಲಿ, ಅಮೇರಿಕದ ಟೆನೆಸಿ ಮತ್ತು ವರ್ಜೀನಿಯಾ ಸಂಸ್ಥಾನಗಳ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ, ವಿಕ್ಟರ್ ಕಂಪೆನಿಯ ಪರವಾಗಿ ರಾಲ್ಫ್ ಪಿಯರ್ ಎಂಬವರು ಗುಡ್ಡಗಾಡಿನ ಹಾಡುಗಾರರ ಧ್ವನಿಮುದ್ರಣ ಮಾಡುತ್ತಿದ್ದಾಗ, ಎ. ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಸಾರಾರವರ ಬಂಧುವೂ ಎ. ಪಿ.ಯವರ ತಮ್ಮನ ಹೆಂಡತಿಯೂ ಆದ ಮೇಬೆಲ್ ಎಂಬ ಮೂವರು ಅಲ್ಲಿಗೆ ಬಂದರು. ಮೇಬೆಲ್ ಆಗ ತುಂಬು ಬಸುರಿ. ಆ ಮೇಳದಲ್ಲಿ ಮದ್ದಳೆಯಂಥ ತಾಳವಾದ್ಯವಿರಲಿಲ್ಲ, ಪಿಟೀಲೂ ಇರಲಿಲ್ಲ. ಸಾರಾರವರ ಆಟೋಹಾರ್ಪೊಂದು, ಮೇಬೆಲ್‌ರವರ ಗಿಟಾರೊಂದು, ಇಷ್ಟೇ. ಆದ್ದರಿಂದ ಮೇಬೆಲ್ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ವರಸೆಯನ್ನು ನುಡಿಸುತ್ತಾ, ಅದರ ನಡುನಡುವೆ ತೋರುಬೆರಳಿನಿಂದ ತೆಳುತಂತಿಗಳನ್ನು ಮೇಲಕ್ಕೂ ಕೆಳಕ್ಕೂ ಸವರಿ ತಾಳವನ್ನು ಹಿಡಿದರು. ನಾವು ಮೇಲೆ ಹೇಳಿದ ಧುಂ ಚಕ್ಕಿನಲ್ಲಿ ಧುಂ ಎಂಬದೇ ಹಾಡಾಗಿಬಿಟ್ಟರೆ ಹೇಗೋ ಹಾಗೆ. ಈ ಕ್ರಮಕ್ಕೆ ಕಾರ್ಟರ್ ಸ್ಕ್ರ್ಯಾಚ್ ಎಂದು ಹೆಸರಾಯಿತು. ಮುಂದೆ ಲೆಸ್ಲಿ ರಿಡಲ್ ಎಂಬ ಆಫ್ರಿಕನ್ ಅಮೇರಿಕನ್ ವಾದಕರ ಪರಿಚಯವು ಆ ಕುಟುಂಬಕ್ಕೆ ಒದಗಿ, ಅವರ ನುಡಿಸಾಣಿಕೆಯಿಂದಲೂ ಮೇಬೆಲ್ ಬಹಳ ಕಲಿತರು. 1928ರಲ್ಲಿ ಮುದ್ರಣವಾದ ವೈಲ್ಡ್‌ವುಡ್ ಫ್ಲವರ್ ಎಂಬ ಹಾಡಿನಲ್ಲಿ ಈ ಕೈಚಳಕವನ್ನು ಸ್ಪಷ್ಟವಾಗಿ ಕೇಳಬಹುದು. ನಮ್ಮ ಹುಡುಗಿಯರಿಗೆ ಅದನ್ನು ಹತ್ತು ಸಲ ಕೇಳಿಸುತ್ತೇವೆ. ಅವರ ಗಿಬ್ಸನ್ ಎಲ್-5 ಗಿಟಾರು ಈಗ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದಲ್ಲಿದೆ. ಮೇಬೆಲ್ 1978ರಲ್ಲಿ ತೀರಿಕೊಂಡರು.

ಅವರಷ್ಟು ಸಾಧಿಸುವದು ನಮ್ಮ ಆರಂಭದ ಪಾಠವಲ್ಲ. ಆದರೆ ಅವರ ದಾರಿಯಲ್ಲಿಯೇ ಮೊದಲನೆಯ ಹೆಜ್ಜೆಯೊಂದುಂಟು. ಅದು ಮಂದ್ರದ ನಡಿಗೆ, ಅಂದರೆ ಒಂದು ಕಾರ್ಡಿನಿಂದ ಮತ್ತೊಂದಕ್ಕೆ ಹಾರದೆ ನಡೆದು ಹೋಗುವದು. ಜಿಯಿಂದ ಸಿಗೆ ಹೋಗಬೇಕೆಂದು ಭಾವಿಸಿರಿ. ಜಿಯ ಕೊನೆಯ ಆವರ್ತದಲ್ಲಿ ಮೊದಲನೆಯ ಏಟಿಗೆ ಎಂದಿನಂತೆ ಆರನೆಯ ತಂತಿಯ ಸ, ಎರಡನೆಯದಕ್ಕೆ ಸವರುವದು. ಮೂರನೆಯದಕ್ಕೆ ತೋರುಬೆರಳನ್ನು ಎತ್ತಿ ಐದನೆಯ ತಂತಿಯನ್ನು ತೆರೆದು ಮೀಟಿದರೆ ರಿ. ನಾಲ್ಕನೆಯದಕ್ಕೆ ಅದೇ ಬೆರಳನ್ನು ತಿರುಗಿ ಎರಡನೆಯ ಮೆಟ್ಟಿಲಿನಲ್ಲಿ ಇಟ್ಟು ಮೀಟಿದರೆ ಗ. ಮುಂದಿನ ಆವರ್ತದ ಮೊದಲ ಏಟು ಸಿ ಕಾರ್ಡಿನ ಮಂದ್ರವಾದ ಮ. ಸ ರಿ ಗ ಮ! ಸರಳೆ ವರಸೆಯ ಮೊದಲನೆಯ ಪಾಠವು ಗಿಟಾರಿನಲ್ಲಿ ಹೀಗೆ ಕೆಲಸಕ್ಕೆ ಬರುವದನ್ನು ಕಂಡಾಗ ಹುಡುಗಿಯರ ಮುಖವು ಅರಳುವದುಂಟು. ಸಿಯಿಂದ ಜಿಗೆ ಮರಳುವಾಗ ಮ ಆದ ಮೇಲೆ ಮೂರನೆಯ ಏಟಿಗೆ ನಡುಬೆರಳನ್ನು ಐದನೆಯ ತಂತಿಯ ಎರಡನೆಯ ಮೆಟ್ಟಿಲಿಗೆ ಸರಿಸಿ ಗ, ನಾಲ್ಕನೆಯದಕ್ಕೆ ತೆರೆದ ರಿ, ಆಮೇಲೆ ಸ. ಜಿಯಿಂದ ಡಿಗೆ ಹೋಗಲು ಮೂರನೆಯ ಏಟಿಗೆ ಗ, ನಾಲ್ಕನೆಯದಕ್ಕೆ ಐದನೆಯ ತಂತಿಯ ಮೂರನೆಯ ಮೆಟ್ಟಿಲಿನ ಮ, ಮುಂದೆ ತೆರೆದ ನಾಲ್ಕನೆಯ ತಂತಿಯ ಪ. ಡಿಯಿಂದ ಜಿಗೆ ಬರಲು ಆರನೆಯ ತಂತಿಯಲ್ಲಿಯೇ ತೆರೆದು ದ, ಎರಡನೆಯ ಮೆಟ್ಟಿಲಿನಲ್ಲಿ ನಿ, ಮೂರನೆಯದರಲ್ಲಿ ಸ.

ಗಮನಿಸಬೇಕಾದದ್ದೇನೆಂದರೆ, ಈ ನಡಿಗೆಗಳಲ್ಲಿ ಎಲ್ಲಿಯೂ ಏಟು ತಪ್ಪಿಲ್ಲ. ಸವರುವ ಸ್ಥಳದಲ್ಲಿ ಒಂದು ಸ್ವರವನ್ನು ಇಟ್ಟಿದ್ದೇವೆ, ಅಷ್ಟೇ. ತಾಳಗತಿಯನ್ನು ನಿಲ್ಲಿಸಿ ಅದರ ಮೇಲೆ ಹೇರುವ ಅಲಂಕಾರವು ಫಿಲ್ ಅಲ್ಲ. ಬೀಸುತ್ತಿರುವ ಅದೇ ಕೈಯು ಹಲವು ತಂತಿಗಳ ಬದಲಾಗಿ ಒಂದೇ ತಂತಿಯನ್ನು ಆರಿಸಿಕೊಂಡರೆ ಫಿಲ್ಲಾಯಿತು. ಇದು ಅರ್ಥವಾಗದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಗಿಟಾರನ್ನೇ ಬಿಡುವದರಲ್ಲಿದ್ದಳು.

ಒಂಬತ್ತನೆಯ ತರಗತಿಯ ಈ ಹುಡುಗಿಯು ಮೊಬೈಲಿನ ವೀಡಿಯೋಗಳನ್ನು ನೋಡಿ ತಾನಾಗಿಯೇ ಇಪ್ಪತ್ತಕ್ಕೂ ಹೆಚ್ಚು ಲಿಕ್ಕುಗಳನ್ನು ಕಲಿತಿದ್ದಳು. ಅವಳ ಬೆರಳು ಬಹು ಚುರುಕು. ಗಿಟಾರನ್ನು ತಂದೆಯವರು ಆಟೋ ಓಡಿಸಿ ಬಂದ ದುಡ್ಡಿನಲ್ಲಿ ಕಂತಿನ ಮೇಲೆ ಕೊಡಿಸಿದ್ದರು. ಶಾಲಾ ವಾರ್ಷಿಕೋತ್ಸವದ ಗಾಯನಕ್ಕೆ ಅವಳನ್ನು ಆರಿಸಿ, ನಲವತ್ತು ಹುಡುಗಿಯರ ಮುಂದೆ ಕೂಡಿಸಿ ಮೊದಲನೆಯ ತಾಲೀಮು ನಡೆಸಲಾಯಿತು. ಮೊದಲ ಸಾಲು ಚೆನ್ನಾಗಿ ಸಾಗಿತು. ಎರಡನೆಯ ಸಾಲಿನ ಕೊನೆಯಲ್ಲಿ ಅವಳೊಂದು ಉದ್ದನೆಯ ಲಿಕ್ಕನ್ನು ಎತ್ತಿಕೊಂಡಳು. ಸುಂದರವಾದದ್ದೇ ಹೌದು. ಆದರೆ ಅದು ಆವರ್ತವನ್ನು ದಾಟಿ ಒಂದೂವರೆ ಏಟು ಹೆಚ್ಚಾಗಿ ಹರಿಯಿತು. ಅರ್ಧದಷ್ಟು ಹುಡುಗಿಯರು ತಾಳವನ್ನು ನೆನೆದು ಮೂರನೆಯ ಸಾಲನ್ನು ಎತ್ತಿದರು. ಉಳಿದರ್ಧವು ಲಿಕ್ ಮುಗಿಯಲೆಂದು ಕಾದಿತು. ಹಾಡು ಒಡೆಯಿತು, ಹಿಂದಿನ ಸಾಲಿನಲ್ಲಿ ನಗುವೆದ್ದಿತು. ಮೂರು ಸಲ ಹೀಗೆಯೇ ಆಯಿತು. ಮರುದಿವಸ ಅವಳು ಗಿಟಾರನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಆಫೀಸಿಗೆ ಬಂದು, "ಟೀಚರೇ, ಇದನ್ನು ಅಪ್ಪ ಮಾರಿಬಿಡಲಿ, ನನಗೆ ಬರುವದಿಲ್ಲ" ಎಂದಳು.

ಅವಳಿಗೆ ಬಾರದಿದ್ದದ್ದು ಒಂದೇ ಸಂಗತಿ, ಮತ್ತು ಅದು ಕಷ್ಟದ್ದೂ ಅಲ್ಲ. ಒಂದು ತಿಂಗಳು ಲಿಕ್ಕುಗಳನ್ನೆಲ್ಲ ಬಿಟ್ಟು ಧುಂ ಚಕ್ ಮಾತ್ರ ನುಡಿಸಬೇಕೆಂದೂ, ನುಡಿಸುವಾಗ ತಾನೂ ಬಾಯಿಬಿಟ್ಟು ಹಾಡಬೇಕೆಂದೂ ಗೊತ್ತುಮಾಡಿದೆವು. ಹಾಡುತ್ತಾ ನುಡಿಸುವವಳಿಗೆ ಉಸಿರು ಎಲ್ಲಿ ಬೇಕಾಗುವದೆಂಬದು ತಾನಾಗಿ ತಿಳಿಯುವದು. ಎರಡನೆಯ ವಾರದಲ್ಲಿ ಅಳು ನಿಂತಿತು. ಮೂರನೆಯ ವಾರದಲ್ಲಿ ಸಾಲಿನ ಕೊನೆಯಲ್ಲಿ ಮೂರೇ ಸ್ವರಗಳಿಗೆ ಅಪ್ಪಣೆ ಕೊಟ್ಟೆವು. ಉತ್ಸವದ ದಿನ ಎರಡನೆಯ ಚರಣದ ನಡುವೆ ಕರೆಂಟು ಹೋಗಿ ಕೀಬೋರ್ಡು ಮೌನವಾಯಿತು, ಮೈಕುಗಳೂ ಸತ್ತವು. ಕತ್ತಲಲ್ಲಿ ಧುಂ ಚಕ್ ಮಾತ್ರ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ. ವೀಡಿಯೋದಲ್ಲಿ ಮಗಳ ಗಿಟಾರು ಕೇಳಿಸುವದೇ ಇಲ್ಲವೆಂದು ಅವಳ ತಾಯಿಯು ಆಮೇಲೆ ನಮ್ಮಲ್ಲಿ ದೂರಿಕೊಂಡರು. ದೀಪ ಹೋದ ಸ್ಥಳದಿಂದ ತಿರುಗಿ ಕೇಳಿರೆಂದು ಹೇಳಿ ಕಳುಹಿಸಿದೆವು.

ಈಗ ಆ ಮೂರು ಸ್ವರಗಳನ್ನೇ ಹೇಳುತ್ತೇವೆ. ಸಾಧಾರಣವಾದ ಹಾಡಿನಲ್ಲಿ ಒಂದು ಸಾಲಿಗೆ ನಾಲ್ಕು ಆವರ್ತಗಳಿರುವವು. ಶಬ್ದಗಳು ಮೂರು ಆವರ್ತಗಳಲ್ಲಿ, ಹೆಚ್ಚೆಂದರೆ ನಾಲ್ಕನೆಯದರ ಮೊದಲ ಏಟಿನಲ್ಲಿ, ಮುಗಿಯುವವು. ತುಂಬುಸ್ವರದ ಸ್ಥಳವು ಆ ನಾಲ್ಕನೆಯ ಆವರ್ತ. ಜಿ ಕಾರ್ಡನ್ನು ಹಿಡಿದು ಮೊದಲನೆಯ ಏಟಿಗೆ ಮಂದ್ರ, ಎರಡನೆಯದಕ್ಕೆ ಸವರುವದು, ಮೂರನೆಯದರ ಇಳಿತಕ್ಕೆ ತೆರೆದ ನಾಲ್ಕನೆಯ ತಂತಿ, ಏರಿಕೆಗೆ ಅದರ ಎರಡನೆಯ ಮೆಟ್ಟಿಲು, ನಾಲ್ಕನೆಯದಕ್ಕೆ ತೆರೆದ ಮೂರನೆಯ ತಂತಿ. ಸ್ವರಗಳು ಪ ದ ಸ. ಮುಂದಿನ ಸಾಲಿನ ಮೊದಲ ಏಟಿಗೆ ಕೈಯು ಮಂದ್ರಕ್ಕೆ ಮರಳಿರಬೇಕು. ಈ ಮರಳುವಿಕೆಯು ಲಿಕ್ಕಿಗಿಂತ ಮುಖ್ಯವಾದದ್ದು. ಮರಳಲಾಗದಿದ್ದರೆ ಕೊನೆಯ ಸ್ವರವನ್ನು ಬಿಟ್ಟುಬಿಡಲಿ, ಯಾರೂ ಅದನ್ನು ಹುಡುಕುವದಿಲ್ಲ.

ಇಳಿಯುವ ಒಂದು ಲಿಕ್ಕು: ಮೊದಲ ಏಟಿಗೆ ಮಂದ್ರ, ಎರಡನೆಯದರ ಇಳಿತಕ್ಕೆ ಎರಡನೆಯ ತಂತಿಯ ಮೂರನೆಯ ಮೆಟ್ಟಿಲು, ಏರಿಕೆಗೆ ಅದೇ ತಂತಿಯನ್ನು ತೆರೆದು, ಮೂರನೆಯದರ ಇಳಿತಕ್ಕೆ ಮೂರನೆಯ ತಂತಿಯ ಎರಡನೆಯ ಮೆಟ್ಟಿಲು, ಏರಿಕೆಗೆ ಆ ತಂತಿಯನ್ನು ತೆರೆದು, ನಾಲ್ಕನೆಯ ಏಟಿಗೆ ಸವರುವದು. ಪ ಗ ರಿ ಸ. ಏರುವ ಲಿಕ್ಕಿನ ಪ, ದ, ಸಗಳನ್ನೂ ಇವುಗಳನ್ನೂ ಕೂಡಿಸಿದರೆ ಸ ರಿ ಗ ಪ ದ ಎಂಬ ಮೋಹನದ ಐದು ಸ್ವರಗಳಾಗುವವೆಂಬದನ್ನು ಸಂಗೀತಜ್ಞೆಯರು ಕಂಡಿರಬಹುದು. ಪಾಶ್ಚಾತ್ಯರು ಇದನ್ನು ಮೇಜರ್ ಪೆಂಟಟಾನಿಕ್ ಎನ್ನುವರು. ಮೋಹನ ರಾಗವೆಂದರೆ ಈ ಐದು ಸ್ವರಗಳ ಪಟ್ಟಿ ಮಾತ್ರವಲ್ಲವೆಂಬದು ಸರಿ. ಅದರ ಗಮಕಗಳು ಇಲ್ಲಿ ಬರುವದಿಲ್ಲ. ಆದರೂ ಈ ಐದರಲ್ಲಿ ಯಾವದನ್ನು ಎತ್ತಿಕೊಂಡರೂ ಜಿ ಕಾರ್ಡಿನ ಮೇಲೆ ಕಿವಿಗೆ ಒಗರಾಗುವದಿಲ್ಲವಾದ್ದರಿಂದ ಕಲಿಯುವವಳು ಧೈರ್ಯವಾಗಿ ತನ್ನದೇ ಲಿಕ್ಕುಗಳನ್ನು ಕಟ್ಟಬಹುದು.

ಕಾರ್ಡಿನೊಳಗೇ ಅಡಗಿರುವ ಚಿಕ್ಕ ಅಲಂಕಾರಗಳೂ ಉಂಟು. ಹ್ಯಾಮರ್ ಆನ್ ಎಂಬದು ಅಂಥಾದ್ದು: ತೆರೆದ ತಂತಿಯನ್ನು ಮೀಟಿ, ಆ ಸದ್ದು ಇರುವಾಗಲೇ ಎಡಗೈಯ ಬೆರಳನ್ನು ಸುತ್ತಿಗೆಯಂತೆ ಮೆಟ್ಟಿಲಿನ ಮೇಲೆ ಬೀಳಿಸಿದರೆ, ಇನ್ನೊಮ್ಮೆ ಮೀಟದೆಯೇ ಮೇಲಿನ ಸ್ವರವು ಕೇಳುವದು. ಜಿ ಕಾರ್ಡಿನಲ್ಲಿ ಮೂರನೆಯ ಏಟಿಗೆ ಐದನೆಯ ತಂತಿಯನ್ನು ತೆರೆದು ಮೀಟಿ ತೋರುಬೆರಳನ್ನು ಬೀಳಿಸಿರಿ; ಸಿ ಕಾರ್ಡಿನಲ್ಲಿ ನಾಲ್ಕನೆಯ ತಂತಿಯ ಮೇಲೆ ನಡುಬೆರಳನ್ನು. ಡಿ ಕಾರ್ಡಿನಲ್ಲಿ ಮೂರನೆಯ ಏಟಿಗೆ ಕಿರುಬೆರಳನ್ನು ಮೊದಲನೆಯ ತಂತಿಯ ಮೂರನೆಯ ಮೆಟ್ಟಿಲಿನಲ್ಲಿ ಇಟ್ಟು ಸವರಿ, ನಾಲ್ಕನೆಯದಕ್ಕೆ ಅದನ್ನು ಎತ್ತಿ ಸವರಿದರೆ ಒಂದು ಮನೋಹರವಾದ ತೂಗಾಟವುಂಟಾಗುವದು. ಬೆರಳಿಗೆ ಇದಕ್ಕಿಂತ ಸುಲಭವಾದ, ಕೇಳುವವರಿಗೆ ಇದಕ್ಕಿಂತ ದೊಡ್ಡದಾಗಿ ತೋರುವ ಅಲಂಕಾರವನ್ನು ನಾವು ಬೇರೆ ಕಾಣೆವು.

ಇನ್ನೂ ಮುಂದೆ ಹೋಗಬೇಕೆನ್ನುವವರಿಗೆ ಜಿ ರನ್ ಎಂಬದಿದೆ. 1945ರಲ್ಲಿ ಬಿಲ್ ಮನ್ರೋರವರ ಮೇಳವನ್ನು ಸೇರಿದ ಲೆಸ್ಟರ್ ಫ್ಲಾಟ್ ಎಂಬ ತಾಳಗತಿಯ ಗಿಟಾರಿಗರ ಹೆಸರಿನೊಂದಿಗೆ ಇದು ಕೂಡಿಕೊಂಡಿದೆ. ಸಾಲು ಮುಗಿದಲ್ಲಿ ಪೂರ್ಣವಿರಾಮದಂತೆ ಇದನ್ನು ಇಡುವರು. ಇದರ ಸರಳವಾದ ರೂಪವು ಹೀಗೆ: ಮೊದಲ ಏಟಿಗೆ ಆರನೆಯ ತಂತಿಯ ಸ, ಎರಡನೆಯದರಲ್ಲಿ ಐದನೆಯ ತಂತಿಯ ರಿ ಮತ್ತು ಗ, ಮೂರನೆಯದರಲ್ಲಿ ನಾಲ್ಕನೆಯ ತಂತಿಯ ಪ ಮತ್ತು ದ, ನಾಲ್ಕನೆಯದಕ್ಕೆ ತೆರೆದ ಮೂರನೆಯ ತಂತಿಯ ಮೇಲಿನ ಸ. ಫ್ಲಾಟ್‌ರವರು ಹಾಡುಗಾರರೂ ಆಗಿದ್ದರು. ತಮ್ಮ ಉಸಿರಿನ ಎಡೆಯನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಹಾಡುವದೂ ಉತ್ತರ ಕೊಡುವದೂ ಒಬ್ಬರೇ ಆದಾಗ ಹೇಗಿರುವದೆಂಬದನ್ನು ಕೇಳಬೇಕಾದರೆ, ಸಭೆಗಳಲ್ಲಿ ಹಾಡುತ್ತಾ ಬೆಳೆದು 1938ರಿಂದ ಧ್ವನಿಮುದ್ರಿಕೆಗಳಿಂದ ಪ್ರಸಿದ್ಧರಾದ ಸಿಸ್ಟರ್ ರೊಸೆಟಾ ಥಾರ್ಪ್‌ರವರನ್ನು ಕೇಳಬೇಕು. ಅವರದು ವಿದ್ಯುತ್ ಗಿಟಾರು. ಅವರು ಸಾಲನ್ನು ಹಾಡಿದೊಡನೆ ಅದು ಎದುರುಮಾತಾಡುವಂತೆ ನುಡಿಯುವದು.

ಎಡಚ ಹುಡುಗಿಯರ ವಿಷಯವಾಗಿ ಒಂದು ಮಾತು. ಉತ್ತರ ಕ್ಯಾರೊಲೈನಾದ ಎಲಿಜಬೆತ್ ಕಾಟನ್‌ರವರು ಎಡಗೈಯವರಾಗಿದ್ದು, ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಲೆಕೆಳಗಾಗಿ ಹಿಡಿದು, ಮಂದ್ರವನ್ನು ಬೆರಳುಗಳಿಂದಲೂ ವರಸೆಯನ್ನು ಹೆಬ್ಬೆರಳಿನಿಂದಲೂ ನುಡಿಸಿದರು. ಮನೆಗೆಲಸ ಮಾಡಿ ಜೀವಿಸಿದ ಆಕೆಗೆ 1985ರಲ್ಲಿ, ತೊಂಬತ್ತರ ಹಿರಿವಯಸ್ಸಿನಲ್ಲಿ, ಗ್ರ್ಯಾಮಿ ಪ್ರಶಸ್ತಿಯು ಬಂತು. ಆದ್ದರಿಂದ ಎಡಚಳೆಂಬ ಕಾರಣದಿಂದ ಮಗಳನ್ನು ವಾದ್ಯದಿಂದ ದೂರವಿಡಬೇಡಿರಿ.

ವಾದ್ಯವನ್ನು ಕೊಳ್ಳುವ ತಂದೆತಾಯಂದಿರಿಗೆ ಎರಡು ಮೂರು ಸೂಚನೆಗಳು. ಆರನೆಯ ಏಳನೆಯ ತರಗತಿಯ ಚಿಕ್ಕ ಹುಡುಗಿಗೆ ಮುಕ್ಕಾಲು ಅಳತೆಯ ಗಿಟಾರು ಸಾಕು. ದೊಡ್ಡದನ್ನು ಅಪ್ಪಿಕೊಂಡು ಕೂತರೆ ಬಲಗೈಯ ಬೀಸು ಭುಜದಲ್ಲಿಯೇ ಸಿಕ್ಕಿಕೊಳ್ಳುವದು. ನೈಲಾನ್ ತಂತಿಯ ಗಿಟಾರು ಬೆರಳಿಗೆ ಮೃದು, ಉಕ್ಕಿನ ತಂತಿಯದು ಸದ್ದಿಗೆ ಚೊಕ್ಕ. ಆದರೆ ನೈಲಾನಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿಗಳನ್ನು ಎಂದಿಗೂ ಬಿಗಿಯಬಾರದು; ಆ ಎಳೆತವನ್ನು ತಾಳಲಾರದೆ ತಂತಿ ಕಟ್ಟಿದ ಕುದುರೆಯು ಕಿತ್ತು ಬರಬಹುದು. ಮಳೆಗಾಲದಲ್ಲಿ ನುಡಿಸಿದೊಡನೆ ಉಕ್ಕಿನ ತಂತಿಗಳನ್ನು ಒಣಬಟ್ಟೆಯಿಂದ ಒರಸಿ ಚೀಲದಲ್ಲಿಡಬೇಕು, ಇಲ್ಲವಾದರೆ ತುಕ್ಕು ಹಿಡಿಯುವವು.

ಅಭ್ಯಾಸಕ್ಕೆ ಮೆಟ್ರೋನೋಮನ್ನು ಮೊದಲು ನಿಮಿಷಕ್ಕೆ 60 ಏಟುಗಳಿಗೆ ಇಟ್ಟುಕೊಳ್ಳಲಿ. ಮೊಬೈಲಿನಲ್ಲಿಯೂ ಅದು ಸಿಗುವದು. ನಾಲ್ಕು ಆವರ್ತ ಧುಂ ಚಕ್. ಮತ್ತೆ ನಾಲ್ಕು, ಕೊನೆಯದರಲ್ಲಿ ಪ ದ ಸ. ಮತ್ತೆ ನಾಲ್ಕು, ಏನೂ ತುಂಬದೆ. ತುಂಬದಿರುವದನ್ನೂ ಅಭ್ಯಾಸಮಾಡಬೇಕು, ಪ್ರತಿ ಸಾಲಿಗೂ ಲಿಕ್ಕನ್ನು ಇಡುವವಳು ಪ್ರತಿ ತುತ್ತಿಗೂ ಉಪ್ಪಿನಕಾಯಿ ಹಾಕಿಕೊಳ್ಳುವವಳಂತೆ. ಹತ್ತು ಸಲ ತಪ್ಪಿಲ್ಲದೆ ಬಂದ ಮೇಲೆ 66ಕ್ಕೆ, ಆಮೇಲೆ 72ಕ್ಕೆ ಏರಿಸಬಹುದು. ಅದರಾಚೆಗೆ ಬೇಗಬೇಗನೆ ಏರಿಸುವ ಅಗತ್ಯವಿಲ್ಲ.

ನಮ್ಮ ಊರಿನಲ್ಲಿಯೇ ಇರುವ ಹಳೆಯ ವಿದ್ಯಾರ್ಥಿನಿಯರು ಶನಿವಾರ ಮಧ್ಯಾಹ್ನ ಬಂದರೆ ಈ ಪಾಠವನ್ನು ಹುಡುಗಿಯರ ಜೊತೆಯಲ್ಲಿಯೇ ಕಲಿಯಬಹುದು. ಸಂಗೀತದ ಕೋಣೆಯಲ್ಲಿ ಶಾಲೆಯ ಗಿಟಾರುಗಳು ನಾಲ್ಕಿವೆ. ಅವುಗಳಲ್ಲಿ ಒಂದಕ್ಕೆ ಸದ್ಯ ಮೊದಲನೆಯ ತಂತಿಯಿಲ್ಲ. ಮಂದ್ರದ ನಡಿಗೆಯನ್ನು ಕಲಿಯಲಿಕ್ಕೆ ಅದೂ ಆಗುವದು.